ಮೋಡಪ್ಪ ಮತ್ತು ನನ್ನ ಎರಡು ಬ್ರೇಕಿನ ಕಾರು

ನಾನು ಡ್ರೈವಿಂಗ್ ಸ್ಕೂಲ್ ನಡೆಸುವವಳು. ಇಪ್ಪತ್ತೆರಡು ವರ್ಷಗಳಲ್ಲಿ ಸಾವಿರಾರು ಜನರಿಗೆ ಕ್ಲಚ್ಚು, ಗೇರು, ಬ್ರೇಕು ಕಲಿಸಿದ್ದೇನೆ. ನನ್ನ ಕೈಲಾಗದು ಎಂದು ಕೈಮುಗಿದದ್ದು ಒಬ್ಬರಿಗೆ ಮಾತ್ರ. ಅವರು ನಮ್ಮ ಭಾವ, ಅಕ್ಕನ ಗಂಡ. ಲೈಸೆನ್ಸ್ ಪರೀಕ್ಷೆಯಲ್ಲಿ ಏಳು ಸಲ ಫೇಲಾದರು. ಕೈ ಸ್ಟೇರಿಂಗ್ ಮೇಲೆ ಇರುತ್ತಿತ್ತು, ಕಾಲು ಇರಬೇಕಾದ ಜಾಗದಲ್ಲೇ ಇರುತ್ತಿತ್ತು, ಕಣ್ಣು ಮಾತ್ರ ಆಕಾಶದಲ್ಲಿ. ಏಳನೆಯ ಸಲ ಪರೀಕ್ಷೆ ಮಾಡುವ ಸಾಹೇಬರು ಕಾರಿನಿಂದ ಇಳಿದು ನೇರ ನನ್ನ ಹತ್ತಿರ ಬಂದು, "ಮೇಡಂ, ಇವರಿಗೆ ವಿಮಾನ ಕಲಿಸಿ, ಕಾರು ಬೇಡ" ಅಂದರು. ಭಾವನಿಗೆ ಇದು ಅವಮಾನ ಅನ್ನಿಸಲೇ ಇಲ್ಲ. "ವಿಮಾನದೋರಿಗೆ ಮೋಡ ಹತ್ರದಿಂದ ಕಾಣತ್ತೆ, ಅಲ್ವಾ?" ಎಂದು ನನ್ನನ್ನೇ ಕೇಳಿದರು.

ಭಾವನದು ಫೋಟೋ ಸ್ಟುಡಿಯೋ. ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ, ಚಪ್ಪಲಿ ಅಂಗಡಿಗೂ ಬೇಕರಿಗೂ ನಡುವೆ ಸಿಕ್ಕಿಕೊಂಡ ಹತ್ತಡಿ ಅಗಲದ ಕೋಣೆ. ಮುಂದೆ ಗಾಜಿನ ಕೌಂಟರು, ಹಿಂದೆ ಪರದೆ, ಪರದೆಯ ಆಚೆ ಸುತ್ತುವ ಸ್ಟೂಲು, ಬಿಳಿ ಕೊಡೆ ಹಿಡಿದ ಎರಡು ದೀಪ, ಒಂದು ಕನ್ನಡಿ. ಕನ್ನಡಿಗೆ ದಾರದಲ್ಲಿ ಬಾಚಣಿಗೆ ಕಟ್ಟಿದೆ, ಯಾರೂ ಜೇಬಿಗೆ ಹಾಕಿಕೊಂಡು ಹೋಗದಿರಲಿ ಎಂದು. ಅಕ್ಕ ಕೌಂಟರಿನಲ್ಲಿ ಕೂತು ಪಾಸ್‌ಪೋರ್ಟ್ ಫೋಟೋಗಳನ್ನು ಕತ್ತರಿಸಿ ಪುಟ್ಟ ಕವರಿಗೆ ಹಾಕುತ್ತಾಳೆ. ಒಳಗೆ ಭಾವ "ಗದ್ದ ಸ್ವಲ್ಪ ಮೇಲೆ, ಕಣ್ಣು ಮಿಟುಕಿಸಬೇಡಿ" ಅನ್ನುತ್ತಿರುತ್ತಾರೆ. ಒಂದು ಮಧ್ಯಾಹ್ನ ಬ್ಯಾಂಕ್ ಮ್ಯಾನೇಜರನ್ನು ಹೀಗೆ ಗದ್ದ ಎತ್ತಿಸಿ ಕೂರಿಸಿದ್ದಾಗ ದೂರದಲ್ಲೆಲ್ಲೋ ಗುಡುಗಿತು. ಭಾವ ಕ್ಯಾಮೆರಾ ಸಮೇತ ಹಿಂಬಾಗಿಲಿನಿಂದ ಹೊರಟುಹೋದರು. ಮ್ಯಾನೇಜರು ಸಂಭಾವಿತರು. ಕಣ್ಣು ಮಿಟುಕಿಸಬೇಡಿ ಅಂದಿದ್ದಾರಲ್ಲ ಎಂದು ಇಪ್ಪತ್ತೈದು ನಿಮಿಷ ಹಾಗೇ ಕೂತಿದ್ದರಂತೆ. ಅಕ್ಕ ಪರದೆ ಸರಿಸಿ ನೋಡಿದಾಗ ಅವರ ಕಣ್ಣಲ್ಲಿ ಧಾರಾಕಾರ ನೀರು.

ಸುಮ್ಮನೆ ಸುರಿಯುವ ಮಳೆ ಕಂಡರೆ ಭಾವನಿಗೆ ತಾತ್ಸಾರ. ಅವರಿಗೆ ಬೇಕಾದದ್ದು ಬೇಸಿಗೆಯ ಕೊನೆಯಲ್ಲಿ, ಊರಾಚೆಯ ಬಯಲು ಹೊಲಗಳ ಮೇಲೆ, ಮಧ್ಯಾಹ್ನದ ಹೊತ್ತಿಗೆ ಎದ್ದು ಬರುವ ರಾಕ್ಷಸ ಗಾತ್ರದ ಗುಡುಗು ಮೋಡ. ಅದರ ಮುಂಭಾಗದಲ್ಲಿ ಕೆಲವು ಸಲ ಕರೀ ಅಂಚೊಂದು ಹೊಲದ ಈ ತುದಿಯಿಂದ ಆ ತುದಿಯವರೆಗೆ ಅಡ್ಡಲಾಗಿ ಚಾಚಿಕೊಂಡು, ನೆಲಕ್ಕೆ ತಗಲುವ ಹಾಗೆ ಉರುಳಿಕೊಂಡು ಬರುತ್ತದೆ. ಭಾವ ಅದಕ್ಕೆ ಹಲಗೆ ಮೋಡ ಎಂದು ಹೆಸರಿಟ್ಟಿದ್ದರು. ಕೆಳಗೆ ಖಾಲಿ ಹೊಲ, ಮೇಲೆ ಇಡೀ ಹಲಗೆ ಮೋಡ, ನಡುವೆ ನರಪಿಳ್ಳೆ ಇರಬಾರದು. ಅಂಥ ಒಂದು ಫೋಟೋ ತೆಗೆಯುವುದು ಅವರ ಜೀವನದ ಏಕೈಕ ಆಸೆ. ನನ್ನ ಅಕ್ಕನನ್ನು ಮದುವೆಯಾಗುವಾಗಲೂ ಅವರಿಗೆ ಇಷ್ಟು ಆಸೆ ಇರಲಿಲ್ಲ. ಇದು ನಾನು ಹೇಳುವುದಲ್ಲ, ಅಕ್ಕನೇ ಹೇಳುವುದು.

ಮೋಡ ಇರುವಲ್ಲಿಗೆ ಬಸ್ಸು ಹೋಗುವುದಿಲ್ಲ. ಮೊದಲು ಒಬ್ಬ ಆಟೋದವನನ್ನು ಗೊತ್ತು ಮಾಡಿಕೊಂಡರು. ಅವನು ಮೊದಲ ಸಿಡಿಲಿಗೇ ಭಾವನನ್ನು ಇಳಿಸಿ ಹಿಂದೆ ತಿರುಗಿ ನೋಡದೆ ಓಡಿಹೋದ. ಆಮೇಲೆ ನನ್ನ ಪಾಲಿಗೆ ಬಂತು. ಅಕ್ಕನ ಮುಖ ನೋಡಿ, ಒಂದೇ ಒಂದು ಸಲ ಎಂದು ಒಪ್ಪಿಕೊಂಡೆ. ಆ ಒಂದು ಸಲ ಒಂಬತ್ತು ವರ್ಷ ನಡೆಯಿತು.

ನನ್ನ ಕಾರಿನ ಬಗ್ಗೆ ಒಂದು ಮಾತು ಹೇಳಬೇಕು. ಡ್ರೈವಿಂಗ್ ಸ್ಕೂಲ್ ಕಾರಾದ್ದರಿಂದ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಇವೆ. ಕಲಿಯುವವರು ಕಕ್ಕಾಬಿಕ್ಕಿಯಾದಾಗ ಪಕ್ಕದಲ್ಲಿ ಕೂತ ನಾನು ಒತ್ತಲಿಕ್ಕೆ. ಈಗ ಆ ಸೀಟಿನಲ್ಲಿ ಭಾವ. ಚಂದದ ಮೋಡ ಕಂಡ ಕೂಡಲೇ ಬ್ರೇಕ್ ಒತ್ತುತ್ತಿದ್ದರು, ಮುನ್ಸೂಚನೆ ಇಲ್ಲ ಏನಿಲ್ಲ. ಒಮ್ಮೆ ಹಿಂದಿನಿಂದ ಬರುತ್ತಿದ್ದ ಟ್ರ್ಯಾಕ್ಟರು ನಮ್ಮ ಡಿಕ್ಕಿಗೆ ಮುತ್ತಿಟ್ಟಿತು. ಪಿತ್ತ ನೆತ್ತಿಗೇರಿ, ಮರುದಿನ ಭಾವನ ಕಾಲಿಗೆ ಸಿಗದ ಹಾಗೆ ಆ ಬ್ರೇಕಿನ ಕೆಳಗೆ ಒಂದು ಮರದ ತುಂಡು ಸಿಕ್ಕಿಸಿದೆ. ಎರಡೂ ಬ್ರೇಕು ಒಂದಕ್ಕೊಂದು ಕಟ್ಟಿದವು, ಅದು ಕೆಳಗಿಳಿಯದಿದ್ದರೆ ನನ್ನದೂ ಇಳಿಯುವುದಿಲ್ಲ ಎನ್ನುವುದು ಇಪ್ಪತ್ತೆರಡು ವರ್ಷ ಕಲಿಸಿದ ನನಗೆ ಆ ಕ್ಷಣ ಹೊಳೆಯಲಿಲ್ಲ. ಒಂದು ಹುಲ್ಲಿನ ಬಣವೆಯೊಳಗೆ ಹೋಗಿ ನಿಂತೆವು. ಭಾವ ಮೈಮೇಲಿನ ಹುಲ್ಲು ಕೊಡವಿಕೊಂಡು, "ಇಲ್ಲಿಂದ ಚೆನ್ನಾಗಿ ಕಾಣತ್ತೆ" ಅಂದರು.

ಮೊದಲ ವರ್ಷ ಹಳ್ಳಿಗಳಲ್ಲಿ ನಮ್ಮನ್ನು ಕಂಡರೆ ಜನ ಮುಖ ಸಿಂಡರಿಸುತ್ತಿದ್ದರು. ನಮ್ಮ ಕಾರು ಬಂದು ನಿಂತ ಅರ್ಧ ಗಂಟೆಗೆ ಸಿಡಿಲು, ಆಲಿಕಲ್ಲು, ಮುರಿದ ಕೊಂಬೆ. ಇದನ್ನೆಲ್ಲ ಕಾರೇ ತರುತ್ತದೆ ಎಂದು ಅವರ ತೀರ್ಮಾನ. ಒಂದು ಕಡೆ ಯಾರೋ ನಾಲ್ಕೂ ಚಕ್ರದ ಗಾಳಿ ಬಿಟ್ಟಿದ್ದರು. ಎರಡನೆಯ ವರ್ಷ ಅವರಲ್ಲೇ ಯಾರಿಗೋ ಬುದ್ಧಿ ಓಡಿತು. ಇವರು ತರುವವರಲ್ಲ, ಇವರಿಗೆ ಮುಂಚೆ ಗೊತ್ತಾಗುತ್ತದೆ ಎಂದು. ಅಲ್ಲಿಂದ ನಮಗೆ ರಾಜಮರ್ಯಾದೆ. ಭಾವನಿಗೆ ಮೋಡಪ್ಪ ಎಂಬ ಹೆಸರೂ ಬಿತ್ತು.

ಅಲ್ಲಿ ಕೊಯ್ಲಾದ ಮೆಕ್ಕೆಜೋಳವನ್ನು ಡಾಂಬರು ರಸ್ತೆಯ ಒಂದು ಬದಿಯಲ್ಲೇ ಉದ್ದಕ್ಕೆ ಹರಡಿ ಒಣಗಿಸುತ್ತಾರೆ. ತಲೆಯ ಮೇಲೆ ಕೆಂಪಕ್ಷರದ ಬೋರ್ಡು ಹೊತ್ತ ನನ್ನ ಬಿಳಿ ಕಾರು ಅರ್ಧ ಮೈಲಿ ದೂರದಲ್ಲಿ ಕಂಡರೆ ಸಾಕು, ಮನೆಮನೆಯಿಂದ ಜನ ಟಾರ್ಪಾಲು ಎಳೆದುಕೊಂಡು ಓಡಿಬರುತ್ತಿದ್ದರು. ಆಕಾಶದಲ್ಲಿ ಇನ್ನೂ ಬಿಸಿಲೇ ಇರುತ್ತಿತ್ತು. ಫೋನಿನಲ್ಲಿ ಹವಾಮಾನ ನೋಡಬಹುದಲ್ಲ ಎಂದು ಒಬ್ಬರನ್ನು ಕೇಳಿದೆ. "ಫೋನು ದಿನಾ ಮಳೆ ಅನ್ನತ್ತೆ ಮೇಡಂ. ನಿಮ್ಮ ಕಾರು ಸುಮ್ಮಸುಮ್ಮನೆ ಇಷ್ಟು ದೂರ ಬರಲ್ಲ" ಅಂದರು. ಅವರಲ್ಲೆಲ್ಲ ಚುರುಕು ಕಡೇ ಮನೆ ಅಜ್ಜಿ. ಮಗಳು ಕೆಲಸಕ್ಕೆ ಹೋಗಿರುತ್ತಿದ್ದಳು. ಅಜ್ಜಿ ಒಬ್ಬರೇ ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿ, ಕೈ ಒರೆಸಿಕೊಂಡು ಬಂದು, "ಎಷ್ಟು ಹೊತ್ತಿದೆ ಮೋಡಪ್ಪ?" ಎಂದು ಕೇಳುತ್ತಿದ್ದರು. ಭಾವ ಮೇಲೆ ನೋಡಿ ಹದಿನೈದು ನಿಮಿಷವೋ ಇಪ್ಪತ್ತೋ ಹೇಳುತ್ತಿದ್ದರು. ಒಂದು ಸಲವೂ ತಪ್ಪಿದ್ದಿಲ್ಲ.

ಊರಿಗೆಲ್ಲ ಉಪಕಾರವಾಯಿತು, ಭಾವನ ಫೋಟೋ ಮಾತ್ರ ಕೆಟ್ಟಿತು. ಎಂಟು ವರ್ಷದ ಆಲ್ಬಂ ತೆಗೆದರೆ ಮೇಲೆ ಅದ್ಭುತವಾದ ಆಕಾಶ, ಕೆಳಗೆ ಮೈಲುದ್ದ ನೀಲಿ ಟಾರ್ಪಾಲು. ಅದರ ಮುಂದೆ ಯಾರಾದರೂ ಒಬ್ಬರು ಸೊಂಟಕ್ಕೆ ಕೈಕೊಟ್ಟು ಹಲ್ಲು ಕಿರಿಯುತ್ತ ನಿಂತಿರಲೇಬೇಕು. ಐದನೆಯ ವರ್ಷದ ಅತ್ಯುತ್ತಮ ಹಲಗೆ ಮೋಡದ ಮುಂದೆ ಒಂದು ಇಡೀ ಸಂಸಾರ ಎತ್ತರದ ಪ್ರಕಾರ ಸಾಲಾಗಿ ನಿಂತಿದೆ. ಹದಿನೈದು ದಿನ ಬಿಟ್ಟು ಆ ಮನೆಯ ಯಜಮಾನರು ಸ್ಟುಡಿಯೋಗೆ ಬಂದು ಆ ಫೋಟೋ ನೋಡಿ, "ನಾವೆಲ್ಲ ಚೆನ್ನಾಗಿ ಬಂದಿದೀವಿ. ಹಿಂದಿನ ಆ ಕಪ್ಪು ತೆಗೆದು ಒಂದು ಹೂತೋಟ ಹಾಕಿಕೊಡಿ" ಅಂದರು. ಭಾವ ಹಾಕಿಕೊಟ್ಟರು. ಅವತ್ತು ಊಟ ಮಾಡಲಿಲ್ಲ.

ಒಂಬತ್ತನೆಯ ವರ್ಷ ಅಕ್ಕನ ತಾಳ್ಮೆ ಮುಗಿಯಿತು. ಕಾರಣ ಒಂದು ಮದುವೆಯ ಆಲ್ಬಂ. ಅದರಲ್ಲಿ ಹುಡುಗಿಯ ಫೋಟೋ ಆರು, ಮೋಡದ ಫೋಟೋ ಹದಿನಾಲ್ಕು. ಹುಡುಗಿಯ ತಾಯಿ ಬಂದು ಕೌಂಟರಿನಲ್ಲಿದ್ದ ಅಕ್ಕನಿಗೆ ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುವಂತೆ ಮಂಗಳಾರತಿ ಮಾಡಿದರು. ಅಕ್ಕ ಕತ್ತರಿ ಕೆಳಗಿಟ್ಟು, ಶಟರ್ ಅರ್ಧ ಇಳಿಸಿ, ನನ್ನನ್ನೂ ಕರೆಸಿ ಹೇಳಿದಳು.

"ಆ ಒಂದು ಫೋಟೋ ಸಿಕ್ಕ ದಿನ, ಇಲ್ಲಾ ಈ ವರ್ಷದ ಕೊನೆ, ಯಾವುದು ಮೊದಲೋ ಅವತ್ತಿಗೆ ಇದು ಮುಗೀತು. ಆಮೇಲೂ ಮೋಡ ಅಂದ್ರೆ ನಾನು ಗಂಟುಮೂಟೆ ಕಟ್ಕೊಂಡು ನನ್ನ ತಂಗಿ ಮನೆಗೆ ಹೋಗ್ತೀನಿ."

ತಂಗಿ ಅಂದರೆ ನಾನೇ. ನನ್ನದು ಎರಡು ಕೋಣೆಯ ಮನೆ. ಅಕ್ಕ ಬಂದರೆ ಮೊದಲ ದಿನವೇ ನನ್ನ ಪಾತ್ರೆಗಳ ಜಾಗ ಬದಲಾಯಿಸುತ್ತಾಳೆ. ಹಾಗಾಗಿ ಆ ಫೋಟೋ ಹೇಗಾದರೂ ಸಿಗಲಿ ಎಂದು ಭಾವನಿಗಿಂತ ಹೆಚ್ಚು ಕಾತರ ನನಗಾಯಿತು. ಕಾರಿನ ತಲೆ ಆಲಿಕಲ್ಲಿಗೆ ನೆಗ್ಗಿ ನೆಗ್ಗಿ ಇಡ್ಲಿ ತಟ್ಟೆಯಾಗಿತ್ತು, ಅದೂ ಒಂದು ಕಾರಣ.

ಉಪಾಯ ಹೇಳಿದ್ದು ನಾನೇ. "ಭಾವ, ಜನ ನಮ್ಮನ್ನ ನೋಡಿ ತಾನೇ ಹೊರಗೆ ಬರೋದು? ನಾವು ನಾವಲ್ಲದ ಹಾಗೆ ಹೋದ್ರೆ?"

ಭಾವ ನನ್ನನ್ನು ದೇವರನ್ನು ನೋಡುವ ಹಾಗೆ ನೋಡಿದರು. ಅವತ್ತೇ ಮೇಲಿನ ಬೋರ್ಡನ್ನು ಕಳಚಿ ಡಿಕ್ಕಿಗೆ ಹಾಕಿದೆವು. ಬಾಗಿಲ ಮೇಲಿನ ಸ್ಕೂಲಿನ ಹೆಸರಿಗೆ ಬಿಳಿ ಚಾರ್ಟ್ ಶೀಟ್ ಅಂಟಿಸಿದೆವು. ಭಾವ ಟೋಪಿ ಹಾಕಿಕೊಂಡರು. ನಾನು ಕಪ್ಪು ಕನ್ನಡಕ ಹಾಕಿಕೊಂಡೆ. ಸ್ಟುಡಿಯೋದ ಕನ್ನಡಿಯಲ್ಲಿ ನೋಡಿಕೊಂಡರೆ ಇಬ್ಬರೂ ಬ್ಯಾಂಕ್ ದೋಚಲು ಹೊರಟವರ ಹಾಗೆ ಕಂಡೆವು. ಎಂಥ ತಲೆ ನಮ್ಮದು ಎಂದು ಬೆನ್ನು ತಟ್ಟಿಕೊಂಡೆವು. ಇದರ ಇನ್ನೊಂದು ಮಗ್ಗುಲು ಇಬ್ಬರಿಗೂ ಹೊಳೆಯಲಿಲ್ಲ.

ಮುಂದಿನ ವಾರದ ಒಂದು ಮಧ್ಯಾಹ್ನ ಮೋಡ ಎದ್ದಿತು. ನಾಲ್ಕು ಗಂಟೆಯ ಹೊತ್ತಿಗೆ ಅದೇ ರಸ್ತೆಯಲ್ಲಿದ್ದೆವು. ಯಾರೂ ತಲೆ ಎತ್ತಿ ನೋಡಲಿಲ್ಲ. ಬಾವಿಕಟ್ಟೆಯ ಹತ್ತಿರ ಕೂತಿದ್ದ ಮೂವರು ನಮ್ಮ ಕಾರಿಗೆ ದಾರಿ ಬಿಟ್ಟು ತಮ್ಮ ಮಾತು ಮುಂದುವರಿಸಿದರು. ಕಡೇ ಮನೆ ದಾಟಿ ಸ್ವಲ್ಪ ದಿಣ್ಣೆಯ ಮೇಲೆ ನಿಲ್ಲಿಸಿದೆ. ಭಾವ ಸ್ಟ್ಯಾಂಡು ಊರಿ ಕ್ಯಾಮೆರಾ ಕೂರಿಸಿದರು. ಪಡುವಣದಿಂದ ಹಲಗೆ ಮೋಡ ಬಂತು. ಎರಡೂ ತುದಿ ಕಾಣುವ ಹಾಗೆ, ಒಂದು ಚೂರೂ ಹರಿಯದೆ, ಹೊಟ್ಟೆಯಲ್ಲಿ ಹಸಿರು ಬೆಳಕು ಇಟ್ಟುಕೊಂಡು ಬಂತು. ಕೆಳಗೆ ಕೊಯ್ದ ಹೊಲ, ಬಳುಕುವ ರಸ್ತೆ, ರಸ್ತೆಯ ಪಕ್ಕ, ಕಡೇ ಮನೆಯ ಮುಂದೆ ಮಾತ್ರ, ಉದ್ದನೆಯ ಒಂದು ಹಳದಿ ಪಟ್ಟಿ. ಮನುಷ್ಯರ ಸುಳಿವಿಲ್ಲ.

ಆ ಹಳದಿ ಪಟ್ಟಿ ಏನು, ಯಾರದು ಎಂದು ನನಗೆ ಗೊತ್ತಿತ್ತು. ಇದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಆದರೂ ಬಾಯಿ ಬಿಡಲಿಲ್ಲ. ಒಂದೆರಡು ನಿಮಿಷ ತಾನೇ, ತೆಗೆದುಬಿಡಲಿ, ಮುಗಿದುಹೋಗಲಿ ಎಂದುಕೊಂಡೆ.

"ಸ್ವಲ್ಪ ಎಡಕ್ಕೆ" ಎಂದು ಭಾವ ಮೋಡಕ್ಕೆ ಹೇಳುತ್ತಿದ್ದರು. "ಹಾಂ, ಹಾಗೇ ಇರಿ." ಹನ್ನೊಂದು ಸಲ ಕ್ಲಿಕ್ ಮಾಡಿದರು. ಮೋಡ ಎಡಕ್ಕೂ ಬಂದಿತು, ಹಾಗೇ ಇದ್ದಿತು. ಆಮೇಲೆ ತೆಗೆದದ್ದನ್ನು ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡಿದರು. ನೋಡುತ್ತ ನೋಡುತ್ತ ಮುಖದ ನಗು ಹೋಯಿತು.

"ಈ ಜೋಳ ಯಾಕೆ ಮುಚ್ಚಿಲ್ಲ ಇವರು?" ಎಂದು ಕೇಳಿದರು.

"ನಾವು ಬಂದಿರೋದು ಅವರಿಗೆ ಗೊತ್ತಿಲ್ವಲ್ಲ ಭಾವ" ಅಂದೆ.

ಭಾವ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಐವತ್ತೆಂಟು ವರ್ಷ, ಹೊಟ್ಟೆ ಬೇರೆ ಇದೆ. ಟೋಪಿ ಹಾರಿಹೋಯಿತು. ನಾನು ಕಾರಿಗೆ ಹಾರಿ ಹಾರ್ನ್ ಒತ್ತಿ ಹಿಡಿದೆ. ಯಾರೂ ಬರಲಿಲ್ಲ. ರಸ್ತೆಯಲ್ಲಿ ಜೋಳ ಹರಡಿದ್ದಕ್ಕೆ ಹೋಗುವ ಬರುವ ವಾಹನದವರೆಲ್ಲ ದಿನಾ ಹಾರ್ನ್ ಒತ್ತಿ ಬೈದುಕೊಂಡೇ ಹೋಗುವುದು, ಅದಕ್ಕೆ ಅಲ್ಲಿ ಯಾರೂ ಸೊಪ್ಪು ಹಾಕುವುದಿಲ್ಲ. ಕೊನೆಗೆ ಕಡೇ ಮನೆ ಅಜ್ಜಿ ನಿದ್ದೆಗಣ್ಣಿನಲ್ಲೇ ಹೊರಗೆ ಬಂದರು. ಬಂದದ್ದು ಜಗಳಕ್ಕೆ.

"ರಸ್ತೆ ನಿಮ್ಮಪ್ಪಂದಾ? ಆ ಕಡೆ ಅಷ್ಟು ಜಾಗ ಬಿಟ್ಟಿದೀನಿ, ಕಣ್ಣು ಕಾಣಲ್ವಾ?"

ಅಷ್ಟರಲ್ಲಿ ಮೊದಲ ಆಲಿಕಲ್ಲು ಕಾರಿನ ಮೇಲೆ ಬಿತ್ತು. ಅಜ್ಜಿ ಮೇಲೆ ನೋಡಿದರು, ಆಮೇಲೆ ಭಾವನನ್ನು ನೋಡಿದರು. ಮೂವರೂ ಟಾರ್ಪಾಲು ಎಳೆದೆವು. ಗಾಳಿ ಅದನ್ನು ನಮ್ಮ ಕೈಯಿಂದ ಕಿತ್ತುಕೊಂಡಿತು, ನಾವು ಅದನ್ನು ಗಾಳಿಯಿಂದ ಕಿತ್ತುಕೊಂಡೆವು. ಭಾವ ಒಂದು ಅಂಚಿನ ಮೇಲೆ ಕಲ್ಲು ಸಿಗದೆ ತಾವೇ ಮಲಗಿಬಿಟ್ಟರು. ಅವರ ಬೆನ್ನ ಮೇಲೆ ಆಲಿಕಲ್ಲು ಬೀಳುವ ಸದ್ದು ನನಗೆ ಕೇಳುತ್ತಿತ್ತು. ಅಷ್ಟು ಮಾಡಿಯೂ ಉಳಿದದ್ದು ಅರ್ಧ. ಉಳಿದರ್ಧ ಕಣ್ಣೆದುರಿಗೇ ಚರಂಡಿಗೆ ಹರಿದುಹೋಯಿತು.

ಮಳೆ ನಿಂತ ಮೇಲೆ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. "ಕಾರಿನ ತಲೆ ಮೇಲಿನ ಬೋರ್ಡ್ ಎಲ್ಲಪ್ಪ?"

ಸುಳ್ಳು ಹೇಳುವುದು ಭಾವನಿಗೆ ಕಾರು ಓಡಿಸುವಷ್ಟೇ ಬರುತ್ತದೆ. "ತೆಗೆದಿಟ್ಟಿದ್ವಿ ಅಜ್ಜಿ. ಫೋಟೋಗೆ ಯಾರೂ ಅಡ್ಡ ಬರದೇ ಇರಲಿ ಅಂತ" ಅಂದರು. ಅಜ್ಜಿ ತಲೆಯಾಡಿಸಿ, ಬುಟ್ಟಿ ತಂದು, ಚರಂಡಿಯ ಪಕ್ಕ ಕೂತು ಕೈಗೆ ಸಿಕ್ಕಷ್ಟು ಕಾಳು ಬಾಚತೊಡಗಿದರು. ಬೈದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು.

ಅಕ್ಕನಿಗೆ ನಾವಿಬ್ಬರೂ ಇದನ್ನು ಹೇಳಲಿಲ್ಲ. ಬೆನ್ನು ಊದಿಕೊಂಡದ್ದಕ್ಕೆ ಭಾವ, ಜಾರಿ ಬಿದ್ದೆ ಅಂದರು. ಅಕ್ಕ ನಂಬಲಿಲ್ಲ. ಆದರೆ ಫೋಟೋ ಸಿಕ್ಕ ಖುಷಿಯಲ್ಲಿದ್ದಳು. ತಾನೇ ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಸ್ಟುಡಿಯೋದಲ್ಲಿ ಕೌಂಟರಿನ ಎದುರಿಗೆ ತೂಗುಹಾಕಿದಳು. ಬಂದವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಬ್ಯಾಂಕ್ ಮ್ಯಾನೇಜರು ಕೂಡ ಹಳೆಯದನ್ನು ಮರೆತು ಭೇಷ್ ಅಂದರು. ಭಾವ ಮಾತ್ರ ಆ ಗೋಡೆಗೆ ಬೆನ್ನು ಹಾಕಿಯೇ ಓಡಾಡುತ್ತಿದ್ದರು.

ಮೂರು ವಾರ ಬಿಟ್ಟು ಅಜ್ಜಿ ಬಂದರು. ಯಾವುದೋ ಅರ್ಜಿಗೆ ಫೋಟೋ ಬೇಕಾಗಿತ್ತು. ನಾನು ಆಗ ಅಲ್ಲೇ ಇದ್ದೆ, ಓಡಿಹೋಗಲು ಬಾಗಿಲು ದೂರವಿತ್ತು. ಅಜ್ಜಿ ಗೋಡೆಯ ಮುಂದೆ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ತುಂಬ ಹೊತ್ತು ನೋಡಿದರು.

"ಮೋಡ ಬಿಡಪ್ಪ, ಅದು ಎಲ್ಲಾರಿಗೂ ಕಾಣತ್ತೆ" ಅಂದರು. "ನನ್ನ ಜೋಳ ಎಷ್ಟು ಚೆನ್ನಾಗಿ ಬಂದಿದೆ ನೋಡು."

ಆಮೇಲೆ ಮಾಮೂಲಿ ದನಿಯಲ್ಲಿ ಕೇಳಿದರು. "ಇದು ತೆಗೆದಾಗ ಎಷ್ಟು ಹೊತ್ತಿತ್ತು ಮೋಡಪ್ಪ?"

ಭಾವ ಗೋಡೆಯ ಕಡೆ ತಿರುಗದೆಯೇ ಹೇಳಿದರು. "ಹತ್ತು ನಿಮಿಷ ಇತ್ತಜ್ಜಿ."

"ಹತ್ತು ನಿಮಿಷದಲ್ಲಿ ಎಲ್ಲಾನೂ ಮುಚ್ತಿದ್ದೆ ನಾನು" ಎಂದು ಅಜ್ಜಿ ಪರದೆ ಸರಿಸಿಕೊಂಡು ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತು, ಯಾರೂ ಹೇಳದೆಯೇ ಗದ್ದ ಎತ್ತಿದರು. ಆ ಒಂದು ಪಾಸ್‌ಪೋರ್ಟ್ ಫೋಟೋ ತೆಗೆಯಲು ಭಾವನಿಗೆ ನಾಲ್ಕು ಸಲ ಬೇಕಾಯಿತು.

ಅಜ್ಜಿ ಹೋದ ಮೇಲೆ ಅಕ್ಕ ಕತ್ತರಿ ಕೆಳಗಿಟ್ಟಳು. ಎಲ್ಲ ಕೇಳಿಸಿಕೊಂಡಿದ್ದಳು, ಅವತ್ತು ನಾವು ಬೋರ್ಡ್ ಕಳಚಿಟ್ಟು ಹೋದದ್ದು ಯಾಕೆಂದು ಈಗ ಅವಳಿಗೆ ಅರ್ಥವಾಗಿತ್ತು. ಸ್ಟೂಲ್ ಎಳೆದು, ಹತ್ತಿ, ಗೋಡೆಯ ಫೋಟೋ ಇಳಿಸಿದಳು. ಬೈಗುಳಕ್ಕೆ ನಾನೂ ಭಾವನೂ ಸಿದ್ಧವಾಗಿ ನಿಂತೆವು. ಭಾವನೇ ಮೊದಲು ಬಾಯಿ ಬಿಟ್ಟರು.

"ಇನ್ನೂ ಮೂರು ವಾರ ಇದೆ ಕಣೇ ಈ ಗುಡುಗು ಮಳೆ. ನಾವು ಹೋಗದೇ ಇದ್ರೆ ಅವರಿಗೆ ಗೊತ್ತಾಗಲ್ಲ."

"ಹೋಗಿ" ಅಂದಳು ಅಕ್ಕ. "ಬೋರ್ಡ್ ಹಾಕ್ಕೊಂಡು ಹೋಗಿ. ಕ್ಯಾಮೆರಾ ಮಾತ್ರ ಇಲ್ಲಿರಲಿ. ಅವರಿಗೋಸ್ಕರ ಹೋಗ್ತಿದೀರೋ ಮೋಡಕ್ಕೋಸ್ಕರ ಹೋಗ್ತಿದೀರೋ ನನಗೂ ಗೊತ್ತಾಗಲಿ, ನಿಮಗೂ ಗೊತ್ತಾಗಲಿ." ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಎರಡೇ ದಿನಕ್ಕೆ ಮತ್ತೆ ಮೋಡ ಎದ್ದಿತು. ಭಾವ ಖಾಲಿ ಕೈಯಲ್ಲಿ ಪಕ್ಕದ ಸೀಟಿನಲ್ಲಿ ಕೂತರು. ಕೈ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಮಂಡಿಯ ಮೇಲೆ, ಒಮ್ಮೆ ಕಂಕುಳಲ್ಲಿ ಇಟ್ಟುಕೊಂಡರು. ರಸ್ತೆಗೆ ಬಂದ ಕೂಡಲೇ ಜನ ನಮ್ಮ ಬೋರ್ಡು ಕಂಡು ಮನೆಗಳಿಂದ ಹೊರಬಿದ್ದರು. ಕಡೇ ಮನೆ ಅಜ್ಜಿ ಆಗಲೇ ಒಂದು ತುದಿ ಎಳೆಯುತ್ತಿದ್ದರು. ಭಾವ ಗಾಜು ಇಳಿಸಿ, "ಇಪ್ಪತ್ತು ನಿಮಿಷ ಅಜ್ಜಿ" ಅಂದರು. ಅಜ್ಜಿ ಕೈ ಎತ್ತಿದರು, ಅಷ್ಟೇ.

ಆಗ ಪಡುವಣದಲ್ಲಿ ಅದು ಎದ್ದು ನಿಂತಿತು. ನಾನು ಮೋಡದ ಪಂಡಿತೆಯಲ್ಲ, ಒಂಬತ್ತು ವರ್ಷವೂ ಗೊಣಗಿಕೊಂಡೇ ಕಾರು ಓಡಿಸಿದವಳು. ಆದರೂ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಒಂದರ ಮೇಲೊಂದು ಮೂರು ಹಲಗೆ. ಅವುಗಳ ಹಿಂದೆ ಸಿಡಿಲು ಬೇರುಬಿಟ್ಟ ಹಾಗೆ ಇಳಿಯುತ್ತಿತ್ತು. ಗೋಡೆಯಿಂದ ಇಳಿಸಿದ ಆ ಫೋಟೋ ಇದರ ಮುಂದೆ ಯಾವ ಲೆಕ್ಕಕ್ಕೂ ಇಲ್ಲ. ಭಾವನ ಕಣ್ಣು ತುಂಬಿತ್ತು. ನನಗೆ ನಗುವೂ ಬಂತು, ಅಳುವೂ ಬಂತು. ನನ್ನ ಫೋನ್ ತೆಗೆದು ಅವರ ಕೈಗೆ ಕೊಟ್ಟೆ.

"ತಗೊಳ್ಳಿ ಭಾವ. ಅಕ್ಕನಿಗೆ ನಾನು ಹೇಳಲ್ಲ."

ಅವರು ಫೋನನ್ನು ಒಂದು ಗಳಿಗೆ ಕೈಯಲ್ಲಿ ಹಿಡಿದುಕೊಂಡಿದ್ದರು. ಗಾಜಿನಾಚೆ ಇನ್ನೊಂದು ಸಲ ನೋಡಿದರು. ಆಮೇಲೆ ಅದನ್ನು ನನ್ನ ಮಡಿಲಿಗೆ ವಾಪಸ್ಸು ಇಟ್ಟರು.

"ಗಾಡಿ ತೆಗೆಯಮ್ಮ" ಅಂದರು. "ಮುಂದೆ ಇನ್ನೂ ಎರಡು ಊರಿದೆ."